ಸರ್ಪಗಂಧದ ಬೇರು ಮತ್ತು ಅವ್ವನ ಬಿ.ಪಿ.

ಹೋದ ಸಲ ಕೂಡ್ಲಿಗಿಗೆ ಹೋದಾಗ ಅವ್ವ ಬಿ.ಪಿ. ಮಾತ್ರೆ ಬಿಟ್ಟದ್ದು ಗೊತ್ತಾಯಿತು. ಜಾತ್ರೆಯಲ್ಲಿ ಕೊಂಡ ಸರ್ಪಗಂಧದ ಬೇರಿನ ಪುಡಿಯನ್ನು ರಾತ್ರಿ ಒಂದೊಂದು ಚಿಟಿಕೆ ನೀರಿಗೆ ಹಾಕಿಕೊಂಡು ಕುಡಿಯುತ್ತಿದ್ದಳು. "ಸಾವಿರಾರು ವರ್ಷದಿಂದ ಹಿರಿಯರು ಬಿ.ಪಿ.ಗೆ ಇದನ್ನೇ ಕೊಡ್ತಿದ್ರಂತ" ಎಂದಳು.

ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ನನಗೆ ಆ 'ಸಾವಿರಾರು ವರ್ಷ'ವೇ ತೊಡಕಾಯಿತು. ರಕ್ತದೊತ್ತಡ ಅಳೆಯಲು ತೋಳಿಗೆ ಸುತ್ತುವ ಪಟ್ಟಿಯನ್ನು ಇಟಲಿಯ ರಿವಾ-ರೊಚ್ಚಿ ರೂಪಿಸಿದ್ದು 1896ರಲ್ಲಿ. ಸ್ಟೆತಸ್ಕೋಪಿನಿಂದ ಮೇಲಿನ, ಕೆಳಗಿನ ಎರಡೂ ಅಂಕಿ ಹಿಡಿಯುವ ವಿಧಾನವನ್ನು ರಷ್ಯಾದ ಕೊರೊಟ್ಕಾಫ್ ತಿಳಿಸಿದ್ದು 1905ರಲ್ಲಿ. ಅದಕ್ಕೂ ಹಿಂದೆ ಈ ಬೇರು ಹಾವಿನ ಕಡಿತಕ್ಕೆ, ನಿದ್ದೆಗೆ, ಹುಚ್ಚಿಗೆ ಮದ್ದಾಗಿತ್ತು. ಬಿಹಾರದ ಕಡೆ ಇದನ್ನು 'ಪಾಗಲ್ ಕಿ ದವಾ' ಎಂದೇ ಕರೆಯುತ್ತಿದ್ದರು.

1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ಇದು ಹುಚ್ಚಿನ ಜೊತೆಗೆ ಏರಿದ ರಕ್ತದೊತ್ತಡಕ್ಕೂ ಆಗುತ್ತದೆಂದು ಬರೆದರು. 1949ರಲ್ಲಿ ಮುಂಬೈಯ ವೈದ್ಯ ರುಸ್ತುಂ ಜಲ್ ವಕೀಲ್ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ ಪ್ರಕಟಿಸಿದರು. ಆಮೇಲೆ ಜಗತ್ತು ಈ ಬೇರಿನತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು.

ರೆಸರ್ಪಿನ್ ಮಾಡುವ ಕೆಲಸ ಇಷ್ಟು. ನಮ್ಮ ನರಗಳ ತುದಿಯ ಸಣ್ಣ ಚೀಲಗಳಲ್ಲಿ ನಾರ್‌ಅಡ್ರಿನಲಿನ್ ಕೂಡಿಟ್ಟಿರುತ್ತದೆ. ಅದು ಹೊರಬಂದರೆ ರಕ್ತನಾಳ ಬಿಗಿಯುತ್ತದೆ. ಆ ಚೀಲ ತುಂಬದಂತೆ ರೆಸರ್ಪಿನ್ ತಡೆಯುತ್ತದೆ. ದಾಸ್ತಾನು ಬರಿದಾದಂತೆ ನಾಳ ಸಡಿಲಗೊಂಡು, ಎದೆಬಡಿತ ನಿಧಾನವಾಗಿ, ಒತ್ತಡ ಇಳಿಯುತ್ತದೆ. ಆದರೆ ಮಿದುಳಿನ ದಾಸ್ತಾನೂ ಬರಿದಾಗುತ್ತದೆ. ಮಂಕು ಕವಿದ, ಬದುಕೇ ಬೇಡವೆನಿಸಿದ ರೋಗಿಗಳ ವರದಿಗಳು ಬಂದವು. ಬೇರೆ ಔಷಧಿಗಳು ಸಿಕ್ಕಂತೆ ವೈದ್ಯರು ಇದನ್ನು ಹಿಂದೆ ಸರಿಸಿದರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಮಳೆ ನಂಬಿದ ಬಯಲುಸೀಮೆ. ತೇವದ ಕಾಡಿನ ನೆರಳು ಬೇಡುವ ಸರ್ಪಗಂಧ ಇಲ್ಲಿನ ಹೊಲದ ಬದುವಿನಲ್ಲಿ ಹುಟ್ಟುವುದಲ್ಲ. ಬೇರು ಕಿತ್ತರೆ ಗಿಡವೇ ಹೋಗುತ್ತದೆ. ಹಾಗೆ ಕಿತ್ತು ಕಿತ್ತು, 1990ರಲ್ಲಿ ಅದು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಪಟ್ಟಿಗೆ ಸೇರಬೇಕಾಯಿತು. ಅಂದಮೇಲೆ ಅವ್ವನ ಪೊಟ್ಟಣದಲ್ಲಿದ್ದದ್ದು ಯಾವ ಬೇರು? ಚಿಟಿಕೆಗೆ ಎಷ್ಟು ರೆಸರ್ಪಿನ್?

ಮರುದಿನ ಆಸ್ಪತ್ರೆಗೆ ಕರೆದೊಯ್ದೆ. 170/100 ಇತ್ತು. ಮಾತ್ರೆ ಮತ್ತೆ ಶುರುವಾಯಿತು. "ಹಂಗಾರ ಹಿರಿಯರು ಸುಳ್ಳಾ?" ಎಂದು ಅವ್ವ ಕೇಳಿದಳು. ಸುಳ್ಳಲ್ಲವ್ವ, ಅವರು ನಿದ್ದೆಗೆ, ಹುಚ್ಚಿಗೆ ಕೊಟ್ಟರು, ಬಿ.ಪಿ. ಎನ್ನುವುದನ್ನು ಅಳೆದವರು ಆಮೇಲೆ ಬಂದರು ಎಂದೆ. ಅವಳು ಏನೂ ಅನ್ನಲಿಲ್ಲ. ಪೊಟ್ಟಣ ಇನ್ನೂ ದೇವರ ಗೂಡಿನಲ್ಲೇ ಇದೆ. ಊರಿಗೆ ಫೋನು ಮಾಡಿದಾಗಲೆಲ್ಲ ಮೊದಲು ಮಾತ್ರೆಯ ವಿಷಯ ಕೇಳುತ್ತೇನೆ.