ಮೈಸೂರಿನ ಬಡಾವಣೆಗಳು ಮತ್ತು ಶಬ್ದದ ಮೇರೆ

ಮೈಸೂರಿನಲ್ಲಿ ನೆರೆಹೊರೆಯ ಗದ್ದಲದ ಪ್ರಶ್ನೆಗೂ ನಗರ ಬೆಳೆದ ಬಗೆಗೂ ಇರುವ ನಂಟು ಶಬ್ದಮಾಲಿನ್ಯದ ಕಾನೂನಿಗಿಂತ ಹಳೆಯದು. 19ನೆಯ ಶತಮಾನದ ಕೊನೆಯಲ್ಲಿ ಹಬ್ಬಿದ ಪ್ಲೇಗಿನ ತರುವಾಯ, ಇಕ್ಕಟ್ಟಾದ ಕೇರಿಗಳನ್ನು ಸಡಿಲಿಸಿ ಹೊಸ ಬಡಾವಣೆಗಳನ್ನು ನಿರ್ಮಿಸಲೆಂದು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಗಾಳಿ, ಬೆಳಕು, ಚರಂಡಿಗಳೇ ಮಂಡಳಿಯ ಮುಖ್ಯ ಕಾಳಜಿಯಾಗಿದ್ದರೂ, ಅಗಲವಾದ ರಸ್ತೆಗಳಿಂದಲೂ ಮನೆಗಳ ನಡುವೆ ಬಿಟ್ಟ ತೆರಪಿನಿಂದಲೂ ನಿವಾಸಿಗಳಿಗೆ ನೆಮ್ಮದಿಯ ರಾತ್ರಿಗಳು ತಾವಾಗಿಯೇ ದೊರೆತವು.

ಮೈಸೂರು ಸದ್ದನ್ನು ದೂರವಿಟ್ಟ ಊರಲ್ಲ. ದಸರಾ ಹಬ್ಬದ ಕುಶಾಲತೋಪು, ಅರಮನೆಯ ವಾದ್ಯವೃಂದ, ದೇವಾಲಯಗಳ ನಾದಸ್ವರ ಎಲ್ಲವೂ ನಗರದ ಬದುಕಿನೊಳಗೇ ಇದ್ದವು. ಒಂಟಿಕೊಪ್ಪಲಿನ ತಮ್ಮ ಮನೆ ವಿಠ್ಠಲ ವಿಹಾರದಿಂದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆಕಾಶವಾಣಿ ಪ್ರಸಾರ ಆರಂಭಿಸಿದ್ದೂ ಇಲ್ಲಿಯೇ. ಧ್ವನಿವರ್ಧಕ ಬಂದ ಮೇಲೆ ಮಾತ್ರ, ವಾದ್ಯದ ಅಥವಾ ಕಂಠದ ಶಕ್ತಿಗೆ ತಕ್ಕಂತೆ ಇದ್ದ ಕೇಳುವಿಕೆಯ ಎಲ್ಲೆ ಅಳಿಸಿಹೋಯಿತು. ವಾಣಿ ವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದ ಸಂಗೀತ ಕಛೇರಿಗಳಂತೆ ಬೀದಿಯವರೇ ಸೇರಿ ಹಾಕಿಸಿದ ಪೆಂಡಾಲಿನ ಸದ್ದನ್ನು ನೆರೆಯವರು ತಮ್ಮದೆಂದೇ ಭಾವಿಸುತ್ತಾರೆ. ಬಾಡಿಗೆಗೆ ಕೊಡುವ ಕಲ್ಯಾಣ ಮಂಟಪದ ಸದ್ದಿಗೆ ಅಂಥ ಒಪ್ಪಿಗೆ ಇರುವುದಿಲ್ಲ.

ಹಳೆಯ ಕಾನೂನು ಈ ಭೇದವನ್ನು ಅಧಿಕಾರಿಯ ವಿವೇಚನೆಗೆ ಬಿಟ್ಟಿತ್ತು. 1860ರ ಭಾರತೀಯ ದಂಡ ಸಂಹಿತೆಯ 268ನೆಯ ಕಲಮು ಸಾರ್ವಜನಿಕ ಉಪದ್ರವವನ್ನು, ಅಂದರೆ ನೆರೆಯಲ್ಲಿ ವಾಸಿಸುವ ಜನರಿಗೆ ಸಾಮಾನ್ಯವಾಗಿ ತೊಂದರೆ ತರುವ ಕೃತ್ಯವನ್ನು ವಿವರಿಸಿದರೆ, 290ನೆಯ ಕಲಮು ಅದಕ್ಕೆ 200 ರೂಪಾಯಿವರೆಗಿನ ದಂಡ ವಿಧಿಸುತ್ತಿತ್ತು. ಎಷ್ಟು ಸದ್ದು ಉಪದ್ರವವಾಗುತ್ತದೆಂಬುದಕ್ಕೆ ಅಳತೆಯಿರಲಿಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ಆ ಅಳತೆಯನ್ನು ಡೆಸಿಬಲ್‌ಗಳಲ್ಲಿ ನೀಡಿದವು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗಿನ ಹಗಲಿನಲ್ಲಿ ವಸತಿ ಪ್ರದೇಶಕ್ಕೆ 55, ವಾಣಿಜ್ಯ ಪ್ರದೇಶಕ್ಕೆ 65 ಎಂದೂ, ರಾತ್ರಿ ಕ್ರಮವಾಗಿ 45 ಮತ್ತು 55 ಎಂದೂ ಮಿತಿ ಗೊತ್ತಾಯಿತು. ಆದರೆ ಹಗಲಿನ ಸದ್ದು ಮಿತಿಗಿಂತ 10 ಡೆಸಿಬಲ್‌ನಷ್ಟಾದರೂ ಹೆಚ್ಚಿದ್ದಾಗಲೇ ದೂರು ನೀಡಬಹುದೆಂಬ ಷರತ್ತು ಇದರಲ್ಲಿದೆ. ಡೆಸಿಬಲ್ ಏರಿಕೆಯಲ್ಲಿ ಪ್ರತಿ 10ಕ್ಕೆ ಶಬ್ದದ ತೀವ್ರತೆ ಹತ್ತು ಪಟ್ಟಾಗುವುದರಿಂದ, ಮಿತಿಗೂ ದೂರಿಗೂ ನಡುವಿನ ಈ ಅಂತರ ಸಣ್ಣದಲ್ಲ. ಪರೀಕ್ಷೆಗೆ ಓದುವ ಮಕ್ಕಳೂ ಹಾಸಿಗೆ ಹಿಡಿದ ವೃದ್ಧರೂ ಅದನ್ನು ಸಹಿಸಿಕೊಳ್ಳಬೇಕಾಗಿರುವುದು ಅನ್ಯಾಯವೇ ಸರಿ.

ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗಿನ ನಿಶ್ಶಬ್ದ ವಲಯದ ಕಲ್ಪನೆಯೂ ಈ ನಿಯಮಗಳಲ್ಲಿದೆ. ಜಂಬೂ ಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆಯಲ್ಲಿ ಆಯುರ್ವೇದ ಆಸ್ಪತ್ರೆಯಿರುವುದರಿಂದ, ಮೈಸೂರಿನಲ್ಲಿ ಉತ್ಸವದ ದಾರಿಯೂ ರೋಗಿಗಳ ವಿಶ್ರಾಂತಿಯ ತಾಣವೂ ಒಂದೇ ಎಡೆಯಲ್ಲಿ ಸೇರುತ್ತವೆ. ರಾಜ್ಯ ಸರ್ಕಾರ ಘೋಷಿಸದ ಹೊರತು ಯಾವ ಪ್ರದೇಶವೂ ನಿಶ್ಶಬ್ದ ವಲಯವಾಗದೆಂದು 2017ರ ತಿದ್ದುಪಡಿ ಹೇಳಿದ್ದು ಈ ರಕ್ಷಣೆಯನ್ನು ಸಡಿಲಗೊಳಿಸಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿದ್ದರೂ, ವರ್ಷಕ್ಕೆ 15 ದಿನಗಳನ್ನು ಮೀರದಂತೆ ಹಬ್ಬಗಳಲ್ಲಿ 12ರವರೆಗೆ ಸರ್ಕಾರ ಅನುಮತಿ ನೀಡಬಹುದೆಂಬ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2005ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ಪೊಲೀಸ್ ಕಮಿಷನರೇಟ್ ವ್ಯಾಪ್ತಿಯ ನಗರಗಳಲ್ಲಿ ಪೊಲೀಸ್, ಪಾಲಿಕೆ, ಮಾಲಿನ್ಯ ನಿಯಂತ್ರಣ ಮಂಡಳಿಗಳ ಅಧಿಕಾರಿಗಳ ಸಮಿತಿಯು ಧ್ವನಿವರ್ಧಕದ ಅರ್ಜಿಗಳನ್ನು ಪರಿಶೀಲಿಸಬೇಕೆಂಬ ಕ್ರಮವನ್ನು ರಾಜ್ಯ ಸರ್ಕಾರ 2022ರ ಮೇ ತಿಂಗಳಲ್ಲಿ ತಂದಿತು.

ಬಡಾವಣೆಗಳ ನೆಮ್ಮದಿ ಕದಡಲು ಉತ್ಸವಗಳಿಗಿಂತ ಭೂಬಳಕೆಯ ಬದಲಾವಣೆಯೇ ಹೆಚ್ಚು ಕಾರಣವೆಂದು ಹೇಳಬೇಕಾಗುತ್ತದೆ. ವಾಸದ ಮನೆಗಳ ನಡುವೆ ಹಾದುಹೋದ ಕಾಳಿದಾಸ ರಸ್ತೆಯಂಥ ಬೀದಿಗಳ ಅಕ್ಕಪಕ್ಕ ಅಂಗಡಿ, ಹೋಟೆಲುಗಳು ತುಂಬಿದಂತೆ, ಅಲ್ಲಿಗೆ 55ರ ಮಿತಿಯ ಬದಲು 65ರ ಮಿತಿಯೇ ಅನ್ವಯಿಸಬೇಕೆಂಬ ವಾದಕ್ಕೆ ಬಲ ಬರುತ್ತದೆ. ಯೋಜನೆ ರೂಪಿಸುವಾಗ ಶಬ್ದವನ್ನೂ ಗಣಿಸಬೇಕೆಂದು 2000ದ ನಿಯಮಗಳು ಅಭಿವೃದ್ಧಿ ಪ್ರಾಧಿಕಾರಗಳಿಗೆ ವಿಧಿಸಿವೆ. ಭೂಬಳಕೆ ಬದಲಿಸುವ ಮುನ್ನ ಪತ್ರಿಕಾ ಪ್ರಕಟಣೆಯ ಮೂಲಕ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯಬೇಕೆಂದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮು ಹೇಳುತ್ತದೆ. ಶಬ್ದದ ಬಗೆಗಿನ ತಕರಾರನ್ನು ನಿವಾಸಿಗಳು ಲಿಖಿತವಾಗಿ ಮಂಡಿಸಲು ಅತ್ಯಂತ ಫಲಕಾರಿಯಾದ ಹಂತ ಅದೇ.