ಬೀರುವಿನೊಳಗಿನ ಹೆಸರುಗಳು

2012ರ ಅಕ್ಟೋಬರ್ 18. ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ವಕೀಲರ ತಂಡವೊಂದು 14,500ಕ್ಕೂ ಹೆಚ್ಚು ಪುಟಗಳ ಹಳೆಯ ಕಾಗದಪತ್ರಗಳನ್ನು ಅಂತರ್ಜಾಲಕ್ಕೆ ಏರಿಸಿ, ಯಾರು ಬೇಕಾದರೂ ಓದಿಕೊಳ್ಳಲಿ ಎಂದು ಬಿಟ್ಟಿತು. ಟೈಪ್ ಮಾಡಿದ ಪತ್ರಗಳು, ಪತ್ರಿಕೆಯಿಂದ ಕತ್ತರಿಸಿಟ್ಟ ಸುದ್ದಿ, ಕೈಬರಹದ ಷರಾಗಳು. ಮಕ್ಕಳ ಹೆಸರುಗಳ ಮೇಲೆ ಕಪ್ಪು ಪಟ್ಟಿ ಎಳೆಯಲಾಗಿತ್ತು. ಆರೋಪ ಹೊತ್ತ ದೊಡ್ಡವರ ಹೆಸರುಗಳು ಹಾಗೇ ಇದ್ದವು. 1965ರಿಂದ 1985ರವರೆಗಿನ 1,200ಕ್ಕೂ ಹೆಚ್ಚು ಕಡತಗಳು, ಒಂದೊಂದರಲ್ಲೂ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಆರೋಪ ಹೊತ್ತ ಒಬ್ಬ ವಯಸ್ಕ. ಇವೆಲ್ಲ ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಬೀಗ ಹಾಕಿದ ಬೀರುಗಳಲ್ಲಿ ದಶಕಗಳ ಕಾಲ ಮಲಗಿದ್ದವು. ಹೊರಗೆ ಬರಲು ಆರೆಗನ್ನಿನ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು.

ಸಂಸ್ಥೆಗಳು ದಾಖಲೆ ಇಡುವುದಿಲ್ಲ, ಇಟ್ಟರೂ ಕಳೆದುಹಾಕುತ್ತವೆ ಎನ್ನುವುದು ಸಾಮಾನ್ಯ ದೂರು. ಇಲ್ಲಿ ಕಥೆ ಉಲ್ಟಾ. ಮಕ್ಕಳ ಮೇಲೆ ಕಣ್ಣು ಹಾಕಿದವರ ಬಗ್ಗೆ ಇಷ್ಟು ದೀರ್ಘಕಾಲ, ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಟ್ಟ ಯುವಜನರ ಸಂಸ್ಥೆ ಇನ್ನೊಂದು ಸಿಗುವುದು ಕಷ್ಟ.

ಸಂಸ್ಥೆ ಹುಟ್ಟಿದ್ದು 1910ರ ಫೆಬ್ರವರಿ 8ರಂದು. ಮರುವರ್ಷವೇ ಅದರ ಆಡಳಿತ ಜೇಮ್ಸ್ ಇ. ವೆಸ್ಟ್ ಎಂಬ ವಕೀಲರ ಕೈಗೆ ಬಂತು, 1943ರವರೆಗೂ ಅವರ ಕೈಯಲ್ಲೇ ಇತ್ತು. ವೆಸ್ಟ್ ಅನಾಥರು, ವಾಷಿಂಗ್ಟನ್ನಿನ ಅನಾಥಾಲಯದಲ್ಲಿ ಬೆಳೆದವರು, ಮೂಳೆಯ ಕ್ಷಯದಿಂದ ಒಂದು ಕಾಲಿನ ಶಕ್ತಿ ಕಳೆದುಕೊಂಡವರು. ದಿಕ್ಕಿಲ್ಲದ ಮಕ್ಕಳ ಪಾಲನೆಯ ಕುರಿತು 1909ರಲ್ಲಿ ಶ್ವೇತಭವನದಲ್ಲಿ ನಡೆದ ಸಮ್ಮೇಳನದ ಹಿಂದೆಯೂ ಅವರ ಶ್ರಮವಿತ್ತು. ಮಕ್ಕಳ ಕಷ್ಟ ಗೊತ್ತಿಲ್ಲದ ಮನುಷ್ಯನಲ್ಲ. ಅವರ ಕಾಲದಲ್ಲೇ, 1920ರ ದಶಕದ ಹೊತ್ತಿಗೆ, ಸ್ಕೌಟ್ ಮಾಸ್ಟರ್ ಆಗಲು ಯೋಗ್ಯರಲ್ಲದವರ ಪಟ್ಟಿ ಶುರುವಾಯಿತು. ಹಣ ಕದ್ದವರು, ನಡತೆಗೆಟ್ಟವರು ಎಲ್ಲರೂ ಆ ಪಟ್ಟಿಯಲ್ಲಿದ್ದರು. ಆದರೆ ದಪ್ಪಗೆ ಬೆಳೆಯುತ್ತ ಹೋದ ಕಂತೆ ಹುಡುಗರನ್ನು ಕೆಡಿಸಿದವರದು. ಆಗ ಅದು ಗುಟ್ಟೂ ಆಗಿರಲಿಲ್ಲ. 1935ರಷ್ಟು ಹಿಂದೆಯೇ ನ್ಯೂಯಾರ್ಕ್ ಟೈಮ್ಸ್ ಅದರ ಬಗ್ಗೆ ಬರೆದಿತ್ತು.

ಆಲೋಚನೆ ಸರಿಯಾಗಿಯೇ ಇತ್ತು ಎನ್ನಬೇಕು. ಸ್ಕೌಟ್ ದಳಗಳನ್ನು ನಡೆಸುವವರು ಊರೂರಿನ ಚರ್ಚು, ಶಾಲೆ, ಸಂಘಗಳವರು. ಮಾಸ್ಟರುಗಳು ಸಂಬಳವಿಲ್ಲದ ಸ್ವಯಂಸೇವಕರು. ಒಂದೂರಿನಲ್ಲಿ ಹೊರದಬ್ಬಿಸಿಕೊಂಡವನು ಇನ್ನೊಂದೂರಿಗೆ ಹೋಗಿ ಅದೇ ಖಾಕಿ ಅಂಗಿ, ಅದೇ ಸ್ಕಾರ್ಫ್ ತೊಟ್ಟು ನಿಂತರೆ ಯಾರಿಗೆ ತಿಳಿಯಬೇಕು? ಹೊಸ ನೋಂದಣಿ ಅರ್ಜಿ ಬಂದಾಗಲೆಲ್ಲ ಮುಖ್ಯ ಕಚೇರಿಯಲ್ಲಿ ಹೆಸರನ್ನು ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದರು, ಸಿಕ್ಕಿದರೆ ಅರ್ಜಿ ತಿರಸ್ಕರಿಸುತ್ತಿದ್ದರು. ಹೀಗೆ ತಡೆಯಲ್ಪಟ್ಟವರೂ ಇದ್ದಾರೆ. ಹೆಸರಿನ ಕಾಗುಣಿತ ಒಂದಿಷ್ಟು ಬದಲಿಸಿಕೊಂಡು ನುಸುಳಿದವರೂ ಇದ್ದಾರೆ.

ಕಡತ ಹುಟ್ಟುತ್ತಿದ್ದ ಬಗೆ ಹೀಗೆ. ಹುಡುಗನೊಬ್ಬ ಬಾಯಿ ಬಿಡುತ್ತಾನೆ. ಅಪ್ಪ ಅಮ್ಮ ಸ್ಥಳೀಯ ಸ್ಕೌಟ್ ಅಧಿಕಾರಿಯ ಬಳಿ ಹೋಗುತ್ತಾರೆ. ಅಧಿಕಾರಿ ಆರೋಪಿಯನ್ನು ಕರೆಸಿ ಮಾತಾಡುತ್ತಾನೆ, ರಾಜೀನಾಮೆ ಬರೆಸಿಕೊಳ್ಳುತ್ತಾನೆ, ವಿವರವನ್ನೆಲ್ಲ ಗೋಪ್ಯ ನಮೂನೆಯಲ್ಲಿ ತುಂಬಿ ಮುಖ್ಯ ಕಚೇರಿಗೆ ಟಪಾಲಿನಲ್ಲಿ ಕಳಿಸುತ್ತಾನೆ. ಅಲ್ಲಿಂದ ಆರೋಪಿಗೆ ಒಂದು ಸೌಮ್ಯ ಪತ್ರ ಹೋಗುತ್ತದೆ. ನಿಮ್ಮ ನೋಂದಣಿ ಮುಂದುವರಿಸಲಾಗದು, ನಾವು ಯಾವ ಆರೋಪವನ್ನೂ ಮಾಡುತ್ತಿಲ್ಲ, ವಿಷಯವನ್ನು ಯಾರಿಗೂ ಹೇಳುವುದಿಲ್ಲ, ಊರಿನಲ್ಲಿ ನಿಮ್ಮ ಮರ್ಯಾದೆಗೆ ಕುಂದಾಗದು ಎಂಬ ಧಾಟಿ. ಆಮೇಲೆ ಕಡತ ಬೀರು ಸೇರುತ್ತದೆ. ಈ ಇಡೀ ಪ್ರಯಾಣದಲ್ಲಿ ಪೊಲೀಸ್ ಠಾಣೆ ಎಂಬ ನಿಲ್ದಾಣ ಕಡ್ಡಾಯವಾಗಿರಲಿಲ್ಲ. ದಳದ ಉಳಿದ ಹುಡುಗರ ಮನೆಗಳೂ ಈ ದಾರಿಯಲ್ಲಿ ಸಿಗುವುದಿಲ್ಲ.

ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ 1970ರಿಂದ 1991ರವರೆಗಿನ 1,600 ಕಡತಗಳನ್ನು ಜಾಲಾಡಿ 2012ರಲ್ಲಿ ಲೆಕ್ಕ ಕೊಟ್ಟಿತು. ಹೆಚ್ಚಿನ ಪ್ರಕರಣಗಳಲ್ಲಿ ಸಂಸ್ಥೆಗೆ ತಿಳಿಯುವ ಹೊತ್ತಿಗೆ ವಿಷಯ ಪೊಲೀಸರ ಬಳಿ ಹೋಗಿಯಾಗಿತ್ತು. ಪ್ರಶ್ನೆ ಇರುವುದು ಉಳಿದವುಗಳಲ್ಲಿ. ಹುಡುಗರು, ಪೋಷಕರು, ಸಿಬ್ಬಂದಿ ಅಥವಾ ಅನಾಮಧೇಯ ಪತ್ರಗಳ ಮೂಲಕ ಸಂಸ್ಥೆಗೇ ಮೊದಲು ತಿಳಿದ ಪ್ರಕರಣಗಳು 500ಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು 400ರಲ್ಲಿ ಪೊಲೀಸರಿಗೆ ತಿಳಿಸಿದ್ದಕ್ಕೆ ದಾಖಲೆಯೇ ಇಲ್ಲ. ನೂರಕ್ಕೂ ಹೆಚ್ಚು ಕಡೆ ಅಧಿಕಾರಿಗಳೇ ವಿಷಯ ಮುಚ್ಚಿಹಾಕಲು ಹೊರಟಿದ್ದರು, ಇಲ್ಲವೇ ಆರೋಪಿ ಮುಚ್ಚಿಹಾಕುವುದನ್ನು ನೋಡಿಕೊಂಡು ಸುಮ್ಮನಿದ್ದರು. ಮಿಶಿಗನ್ನಿನ ಶಿಬಿರವೊಂದರ ನಿರ್ದೇಶಕ, ತಾನು ಕೂಡಲೇ ದೂರು ಕೊಡದಿದ್ದುದಕ್ಕೆ ಸಂಸ್ಥೆಯ ಮತ್ತು ಆ ನೌಕರನ ಹೆಸರು ಕೆಡಬಾರದೆಂದು ಮೇಲಿನವರು ಬಯಸಿದ್ದೇ ಕಾರಣ ಎಂದು 1982ರಲ್ಲಿ ಪೊಲೀಸರ ಮುಂದೆ ಒಪ್ಪಿಕೊಂಡ. ಬಿಟ್ಟುಹೋಗುವವರಿಗೆ ಕಾರಣಗಳನ್ನೂ ಒದಗಿಸಲಾಗುತ್ತಿತ್ತು. ವ್ಯಾಪಾರದ ಒತ್ತಡ ಎಂದು ಒಂದೆಡೆ, ಮೆದುಳಿನ ಕಾಯಿಲೆ ಎಂದು ಇನ್ನೊಂದೆಡೆ, ಶೇಕ್ಸ್‌ಪಿಯರ್ ನಾಟಕೋತ್ಸವದ ಜವಾಬ್ದಾರಿ ಎಂದು ಮತ್ತೊಂದೆಡೆ. ಸುಳ್ಳು ಹೇಳುವಾಗಲೂ ಸಾಹಿತ್ಯದ ನೆನಪಾದದ್ದು ವಿಶೇಷವೇ.

ಆ ಅಧಿಕಾರಿಗಳೆಲ್ಲ ಕಟುಕರಾಗಿದ್ದರೇ? ಕಡತಗಳನ್ನು ಓದಿದರೆ ಹಾಗನ್ನಿಸುವುದಿಲ್ಲ. ಕೆಲವರು ನಿಜವಾಗಿ ನೊಂದಿದ್ದಾರೆ. ಎಷ್ಟೋ ಸಲ ಪೋಷಕರೇ ಮಗನ ಹೆಸರು ಬೀದಿಗೆ ಬರುವುದು ಬೇಡವೆಂದು ಬೇಡಿಕೊಂಡಿದ್ದಾರೆ. ಇದು ರೋಗ, ವೈದ್ಯರ ಬಳಿ ಹೋದರೆ ವಾಸಿಯಾಗುತ್ತದೆ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು, ಹಾಗಾಗಿ ಕೆಲವರನ್ನು ಪರೀಕ್ಷಾವಧಿಯ ಮೇಲೆ ಮತ್ತೆ ಒಳಗೆ ಬಿಟ್ಟದ್ದೂ ಉಂಟು. ಕಾನೂನೂ ಎಳಸಾಗಿತ್ತು. ಡೆನ್ವರಿನ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಏಟು ತಿಂದ ಮಕ್ಕಳ ಕುರಿತ ಪ್ರಸಿದ್ಧ ಲೇಖನ ಪ್ರಕಟಿಸಿದ್ದು 1962ರಲ್ಲಿ. ಅದಾದ ಐದೇ ವರ್ಷಗಳಲ್ಲಿ ಅಮೆರಿಕದ ರಾಜ್ಯಗಳು ಇಂಥದ್ದು ಕಂಡರೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿದವು. ಆದರೆ ಆ ಹೊಣೆ ಮುಖ್ಯವಾಗಿ ವೈದ್ಯರು, ಶಿಕ್ಷಕರಂಥ ವೃತ್ತಿಯವರದು. ಶನಿವಾರ ಹುಡುಗರನ್ನು ಕಾಡಿಗೆ ಕರೆದೊಯ್ಯುವ ಸ್ವಯಂಸೇವಕ ಅನೇಕ ಕಡೆ ಅದರ ಹೊರಗೇ ಉಳಿದ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಪರೀಕ್ಷಾವಧಿಯ ಮೇಲೆ ಮರಳಿದವನ ದಳಕ್ಕೆ ಮಗನನ್ನು ಕಳಿಸುವ ತಾಯಿಗೆ ಅದು ಪರೀಕ್ಷೆ ಎಂದು ಯಾರೂ ಹೇಳಲಿಲ್ಲ.

ಕಡತಗಳನ್ನು ಹೊರತಂದ ಪೋರ್ಟ್‌ಲ್ಯಾಂಡಿನ ಮೊಕದ್ದಮೆಯ ತಿರುಳೂ ಇದೇ. ಅಲ್ಲಿನ ದಳವೊಂದರ ಸಹಾಯಕ ಸ್ಕೌಟ್ ಮಾಸ್ಟರ್ 17 ಹುಡುಗರ ಮೇಲೆ ದೌರ್ಜನ್ಯ ಮಾಡಿದ್ದಾಗಿ 1983ರಲ್ಲಿ ದಳವನ್ನು ನಡೆಸುತ್ತಿದ್ದ ಚರ್ಚಿನ ಮುಖ್ಯಸ್ಥರ ಮುಂದೆ ತಾನಾಗಿ ಒಪ್ಪಿಕೊಂಡಿದ್ದ. ಆಮೇಲೂ ಅವನಿಗೆ ಹುಡುಗರ ಒಡನಾಟ ತಪ್ಪಲಿಲ್ಲ. ಅವನ ಕೈಗೆ ಸಿಕ್ಕವರಲ್ಲೊಬ್ಬ ದೊಡ್ಡವನಾಗಿ ಕೋರ್ಟಿನ ಮೆಟ್ಟಿಲು ಹತ್ತಿದ. 2010ರ ಏಪ್ರಿಲ್‌ನಲ್ಲಿ ಜ್ಯೂರಿ ಸಂಸ್ಥೆಯ ಮೇಲೆ ಪರಿಹಾರವಲ್ಲದೆ ದಂಡನೆಯಾಗಿ 1 ಕೋಟಿ 85 ಲಕ್ಷ ಡಾಲರ್ ಹೇರಿತು. ಕಡತಗಳನ್ನು ಜ್ಯೂರಿಯವರು ಕಣ್ಣಾರೆ ನೋಡಿದ್ದರು. ಅವರು ನೋಡಿದ್ದನ್ನು ಜನರೂ ನೋಡಲಿ ಎಂದು ಪತ್ರಿಕೆಗಳು ಪಟ್ಟು ಹಿಡಿದವು. ದೂರು ಕೊಡುವವರು ಹಿಂಜರಿಯುತ್ತಾರೆ, ಗೋಪ್ಯತೆಯೇ ಮಕ್ಕಳಿಗೆ ರಕ್ಷಣೆ ಎಂದು ಸಂಸ್ಥೆ ವಾದಿಸಿತು. ಮಗುವಿನ ಗುರುತು ಮುಚ್ಚಿಡುವುದು ಬೇರೆ, ಆರೋಪಿಯ ಗುರುತು ಮುಚ್ಚಿಡುವುದು ಬೇರೆ. ಎರಡನ್ನೂ ಒಂದೇ ಬೀಗದಡಿ ಇಟ್ಟದ್ದೇ ಈ ವಾದದ ಹುಳುಕು.

ವಿಚಿತ್ರವೆಂದರೆ ಮಕ್ಕಳನ್ನು ನಿಜವಾಗಿ ಕಾಯುವ ಉಪಾಯಕ್ಕೆ ಬೀರುವೇ ಬೇಕಿರಲಿಲ್ಲ. 1980ರ ದಶಕದ ಉತ್ತರಾರ್ಧದಿಂದ ಸಂಸ್ಥೆ ತರುತ್ತ ಹೋದ ನಿಯಮಗಳು ತೀರಾ ಸರಳ: ಯಾವ ಶಿಬಿರಕ್ಕಾದರೂ ಇಬ್ಬರು ದೊಡ್ಡವರು ಇರಬೇಕು, ಯಾವ ದೊಡ್ಡವರೂ ಒಬ್ಬ ಹುಡುಗನೊಂದಿಗೆ ಒಂಟಿಯಾಗಿ ಇರಕೂಡದು. ಜೊತೆಗೆ ಅಪ್ಪ ಅಮ್ಮ ಮಗನೊಂದಿಗೆ ಕೂತು ಓದಬೇಕಾದ ಕಿರುಹೊತ್ತಗೆಯೊಂದು ಸ್ಕೌಟ್ ಕೈಪಿಡಿಯೊಳಗೆ ಸೇರಿತು. ಗುರುತಿಸು, ವಿರೋಧಿಸು, ಹೇಳು ಎಂಬ ಮೂರು ಪಾಠ ಹುಡುಗರಿಗೆ. ಒಳ್ಳೆಯವನು ಯಾರು, ಕೆಟ್ಟವನು ಯಾರು ಎಂದು ಮುಖ ನೋಡಿ ಊಹಿಸುವ ಗೋಜೇ ಇಲ್ಲ, ನಿಯಮ ಎಲ್ಲರಿಗೂ ಒಂದೇ. ಉಳಿದದ್ದು ಕುಂಟುತ್ತ ಬಂತು. ಎಲ್ಲ ಸ್ವಯಂಸೇವಕರ ಅಪರಾಧ ಹಿನ್ನೆಲೆ ತಪಾಸಣೆ ಜಾರಿಯಾದದ್ದು 2008ರಲ್ಲಿ. ಅನುಮಾನ ಬಂದರೂ ಪೊಲೀಸರಿಗೆ ತಿಳಿಸಲೇಬೇಕು ಎಂದು ಸಂಸ್ಥೆ ತನ್ನವರಿಗೆ ಕಡ್ಡಾಯ ಮಾಡಿದ್ದು 2010ರಲ್ಲಿ, ನೂರು ವರ್ಷ ತುಂಬಿದ ಮೇಲೆ.

ಈ ಚಳವಳಿಗೂ ಬೆಂಗಳೂರಿಗೂ ಹಳೆಯ ನಂಟು. ಕ್ಯಾಪ್ಟನ್ ಟಿ.ಎಚ್. ಬೇಕರ್ ಭಾರತದ ಮೊದಲ ಸ್ಕೌಟ್ ದಳ ಕಟ್ಟಿದ್ದು 1909ರಲ್ಲಿ, ಇಲ್ಲಿಯೇ. ಅಮೆರಿಕದ ಸಂಸ್ಥೆ ಆಗಿನ್ನೂ ಹುಟ್ಟಿರಲಿಲ್ಲ. ಇಂದು ನಮ್ಮ ಶಾಲೆಗಳ ಸ್ಕೌಟ್ ಶಿಬಿರಕ್ಕಾಗಲಿ, ಬೇಸಿಗೆ ಶಿಬಿರಕ್ಕಾಗಲಿ, ಹಾಸ್ಟೆಲಿಗಾಗಲಿ ಅನ್ವಯಿಸುವ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಪೋರ್ಟ್‌ಲ್ಯಾಂಡಿನ ಕಡತಗಳು ಹೊರಬಿದ್ದು ಆಗ ತಿಂಗಳೂ ತುಂಬಿರಲಿಲ್ಲ. ಇದು ಕಾಕತಾಳೀಯವೇ, ಆದರೆ ಪೊಲೀಸರಿಗೆ ಹೇಳಬೇಕೇ ಎಂಬ, ಅಲ್ಲಿ ನೂರು ವರ್ಷ ಉತ್ತರ ಸಿಗದ ಪ್ರಶ್ನೆಗೆ ಇಲ್ಲಿ ಕಾನೂನು ನೇರ ಉತ್ತರ ಬರೆದಿದೆ. 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ಗೊತ್ತಿರುವ ಯಾರೇ ಆಗಲಿ, ನಡೆಯಬಹುದೆಂಬ ಆತಂಕ ಇರುವವರೇ ಆಗಲಿ, ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ದಂಡ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಆಂತರಿಕ ವಿಚಾರಣೆ ಮುಗಿಯಲಿ, ಆಡಳಿತ ಮಂಡಳಿ ಸಭೆ ಸೇರಲಿ ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಎತ್ತಂಗಡಿ ಮಾಡಿ ಕೈತೊಳೆದುಕೊಳ್ಳುವುದಕ್ಕಂತೂ ಇಲ್ಲವೇ ಇಲ್ಲ. ಹೇಳಲು ಪೋಷಕರಿಗೆ, ಮಕ್ಕಳಿಗೆ 1098 ಎಂಬ ಸಹಾಯವಾಣಿ ಇದೆ.

ಅಮೆರಿಕದ ಕಥೆಯ ಉಳಿದ ಭಾಗ ಬೇಗ ಹೇಳಿ ಮುಗಿಸಬಹುದು. ಕಡತಗಳನ್ನು ಎಣಿಸಲು ಸಂಸ್ಥೆಯೇ ನೇಮಿಸಿಕೊಂಡ ತಜ್ಞೆ ಜಾನೆಟ್ ವಾರೆನ್, 1944ರಿಂದ 2016ರ ನಡುವೆ 7,819 ಶಂಕಿತರು ಮತ್ತು 12,254 ಸಂತ್ರಸ್ತರು ಎಂದು 2019ರಲ್ಲಿ ಕೋರ್ಟಿನಲ್ಲಿ ಸಾಕ್ಷ್ಯ ನುಡಿದರು. ಹಳೆಯ ದೌರ್ಜನ್ಯಗಳಿಗೂ ದಾವೆ ಹೂಡಲು ನ್ಯೂಯಾರ್ಕ್, ಕ್ಯಾಲಿಫೋರ್ನಿಯದಂಥ ರಾಜ್ಯಗಳು ಕಾಲಮಿತಿ ಸಡಿಲಿಸಿದವು. ಸಂಸ್ಥೆ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಬೀರುವಿನ ಲೆಕ್ಕ ಎಷ್ಟು ಅರೆಬರೆಯಾಗಿತ್ತೆಂದು ತಿಳಿದದ್ದು ಆಗ. ಆ ವರ್ಷದ ನವೆಂಬರ್ ಒಳಗೆ ಪರಿಹಾರ ಕೋರಿ ಮುಂದೆ ಬಂದವರು 82,000ಕ್ಕೂ ಹೆಚ್ಚು ಜನ. ಅವರಿಗಾಗಿ 246 ಕೋಟಿ ಡಾಲರುಗಳ ನಿಧಿ ಏರ್ಪಟ್ಟು 2023ರಲ್ಲಿ ಕೆಲಸ ಶುರುಮಾಡಿತು. 2025ರ ಫೆಬ್ರವರಿ 8ರಿಂದ ಸಂಸ್ಥೆಯ ಹೆಸರು ಸ್ಕೌಟಿಂಗ್ ಅಮೆರಿಕ.

ಆ ನಿಧಿಗೆ ಸಂಸ್ಥೆ ಒಪ್ಪಿಸಿದ ಆಸ್ತಿಯಲ್ಲಿ ನಾರ್ಮನ್ ರಾಕ್‌ವೆಲ್ ಬರೆದ ಚಿತ್ರಗಳೂ ಇದ್ದವು. ರಾಕ್‌ವೆಲ್ ಹತ್ತೊಂಬತ್ತರ ಹುಡುಗನಾಗಿದ್ದಾಗಲೇ ಸಂಸ್ಥೆಯ ಮಾಸಪತ್ರಿಕೆಯ ಕಲಾ ನಿರ್ದೇಶಕರಾದವರು. ಆಮೇಲೆ ದಶಕಗಟ್ಟಲೆ ಅದರ ಕ್ಯಾಲೆಂಡರುಗಳಿಗೆ ಚಿತ್ರ ಬರೆದರು. ಕೆಂಪು ಕೆನ್ನೆಯ ಸ್ಕೌಟ್ ಹುಡುಗ, ಅವನ ಹೆಗಲ ಮೇಲೆ ಕೈಯಿಟ್ಟ ಸ್ಕೌಟ್ ಮಾಸ್ಟರ್, ಹಿಂದೆ ಶಿಬಿರಾಗ್ನಿ. ಸ್ಕೌಟ್ ಎಂದರೆ ಅಮೆರಿಕದವರ ಕಣ್ಣ ಮುಂದೆ ಬರುತ್ತಿದ್ದ ಚಿತ್ರ ಅದು, ಯಾವ ಹೆಸರು ಕೆಡಬಾರದೆಂದು ಕಡತಗಳಿಗೆ ಬೀಗ ಜಡಿದಿದ್ದರೋ ಆ ಹೆಸರಿನ ಚಿತ್ರ. 2024ರ ನವೆಂಬರ್‌ನಿಂದ ಆ ಸಂಗ್ರಹ ಕಂತುಕಂತಾಗಿ ಹರಾಜಾಗುತ್ತಿದೆ. ಬಂದ ಹಣ ಸಂತ್ರಸ್ತರ ನಿಧಿಗೆ ಹೋಗುತ್ತದೆ.