ಮಧ್ಯಂತರದ ಮುತ್ಸದ್ದಿ: ಬೂರ್ಗುಲ ರಾಮಕೃಷ್ಣರಾವ್ ಮತ್ತು ಹೈದರಾಬಾದ್ ರಾಜ್ಯದ ಕೊನೆಯ ವರ್ಷಗಳು

ಕನ್ನಡ ನಾಡಿನ ಏಕೀಕರಣದ ಚರಿತ್ರೆಯನ್ನು ಬರೆಯುವಾಗ ಧಾರವಾಡ, ಬೆಳಗಾವಿ, ಬೆಂಗಳೂರುಗಳ ಮೇಲೆ ಬಿದ್ದಷ್ಟು ಬೆಳಕು ಹೈದರಾಬಾದಿನ ಮೇಲೆ ಬಿದ್ದಿಲ್ಲ. ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದುದನ್ನು ನಾವು ಕನ್ನಡದ ಕಡೆಯಿಂದ ನೋಡುತ್ತೇವೆ. ಅವುಗಳನ್ನು ಬಿಟ್ಟುಕೊಟ್ಟ ರಾಜ್ಯದ ಕಡೆಯಿಂದ ನೋಡಿದಾಗ ಎದುರಾಗುವ ಮುಖ್ಯ ವ್ಯಕ್ತಿ ಬೂರ್ಗುಲ ರಾಮಕೃಷ್ಣರಾವ್. ವಕೀಲರಾಗಿ, ಕಾಂಗ್ರೆಸ್ ನಾಯಕರಾಗಿ, ಹೈದರಾಬಾದ್ ರಾಜ್ಯದ ಚುನಾಯಿತ ಮುಖ್ಯಮಂತ್ರಿಯಾಗಿ, ಕಡೆಗೆ ರಾಜ್ಯಸಭೆಯ ಸದಸ್ಯರಾಗಿ ಅವರು ನಡೆದ ದಾರಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಾಮಕೃಷ್ಣರಾಯರು 1899ರಲ್ಲಿ ಮಹಬೂಬ್‌ನಗರ ಜಿಲ್ಲೆಯಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ ಪಡೆದು, ಮುಂಬಯಿ ವಿಶ್ವವಿದ್ಯಾಲಯದಿಂದ ಕಾನೂನು ಪದವೀಧರರಾಗಿ, 1920ರ ದಶಕದ ಮೊದಲರ್ಧದಲ್ಲಿ ಹೈದರಾಬಾದಿನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಮುಂದೆ ಪ್ರಧಾನಮಂತ್ರಿಯಾದ ಪಿ. ವಿ. ನರಸಿಂಹರಾವ್ ಅವರ ಕೈಕೆಳಗೆ ಕಿರಿಯ ವಕೀಲರಾಗಿದ್ದರು. ನಿಜಾಮರ ಆಡಳಿತದ ಭಾಷೆ ಉರ್ದುವಾಗಿತ್ತು. ತೆಲುಗು, ಮರಾಠಿ, ಕನ್ನಡ ನುಡಿಯುವ ಪ್ರಜೆಗಳಿಗೆ ಸರಕಾರದೊಡನೆ ವ್ಯವಹರಿಸಲು ನಡುವಿನವನೊಬ್ಬ ಬೇಕಾಗಿತ್ತು. ಈ ಸ್ಥಾನವನ್ನು ತುಂಬಿದವರು ವಕೀಲರು. ರಾಜಕೀಯ ಪಕ್ಷಗಳಿಗೆ ಅವಕಾಶವಿಲ್ಲದಿದ್ದ ಸಂಸ್ಥಾನದಲ್ಲಿ ಸಾರ್ವಜನಿಕ ಜೀವನವು ಭಾಷಾ ಸಂಘಗಳ ಮೂಲಕವೇ ಬೆಳೆಯಿತು. 1921ರಲ್ಲಿ ಹೈದರಾಬಾದಿನ ಒಂದು ಸಮಾಜ ಸುಧಾರಣಾ ಸಮ್ಮೇಳನದಲ್ಲಿ ತೆಲುಗಿನಲ್ಲಿ ಮಾತನಾಡಲು ಎದ್ದ ವಕೀಲರೊಬ್ಬರನ್ನು ಸಭೆ ಗೇಲಿಮಾಡಿ ಕೂರಿಸಿತು. ಅದರ ಬೆನ್ನಿಗೇ ಆಂಧ್ರ ಜನಸಂಘ ಹುಟ್ಟಿತು. ಮಾಡಪಾಟಿ ಹನುಮಂತರಾಯರೊಡನೆ ರಾಮಕೃಷ್ಣರಾಯರೂ ಅದರಲ್ಲಿದ್ದರು. 1931ರಲ್ಲಿ ದೇವರಕೊಂಡದಲ್ಲಿ ನಡೆದ ಎರಡನೆಯ ಆಂಧ್ರ ಮಹಾಸಭೆಗೆ ಅವರೇ ಅಧ್ಯಕ್ಷರು. ಇದೇ ಕಾಲದಲ್ಲಿ ಸಂಸ್ಥಾನದ ಕನ್ನಡ ಭಾಗದಲ್ಲಿಯೂ ಇಂಥದೇ ಎಚ್ಚರ ಮೂಡಿತ್ತೆಂಬುದಕ್ಕೆ 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಗುಲಬರ್ಗದಲ್ಲಿಯೂ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ನಡೆದ ಸಾಹಿತ್ಯ ಸಮ್ಮೇಳನಗಳು ಸಾಕ್ಷಿ.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಸ್ಥಾಪಿಸುವ ಪ್ರಯತ್ನ ನಡೆದಾಗ ನಿಜಾಮ್ ಸರಕಾರ ಅದನ್ನು ಹುಟ್ಟುವ ಮೊದಲೇ ನಿಷೇಧಿಸಿತು. 1946ರಲ್ಲಿ ನಿಷೇಧ ತೆರವಾದ ಬಳಿಕ ಸಂಸ್ಥೆಯೊಳಗೆ ಎರಡು ಬಣಗಳು ಸ್ಪಷ್ಟವಾಗಿ ಕಾಣಿಸಿಕೊಂಡವು. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಾಮಾನಂದ ತೀರ್ಥರದು ಹೋರಾಟದ ದಾರಿ. ರಾಮಕೃಷ್ಣರಾಯರದು ಸಂಧಾನದ ಮತ್ತು ಕಾನೂನಿನ ದಾರಿ. ಮೊದಲನೆಯದನ್ನು ವೀರವೆಂದೂ ಎರಡನೆಯದನ್ನು ಅಂಜಿಕೆಯೆಂದೂ ಕರೆಯುವ ವಾಡಿಕೆಯಿದೆ. ಹೋರಾಟ ಮುಗಿದ ಮೇಲೆ ರಾಜ್ಯವನ್ನು ನಡೆಸಬೇಕಾದಾಗ ಎರಡನೆಯ ದಾರಿಯ ಬೆಲೆಯೇನೆಂಬುದನ್ನು ನಾವು ಬೇರೆಯಾಗಿಯೇ ಅಳೆಯಬೇಕಾಗುತ್ತದೆ.

1948ರ ಸೆಪ್ಟೆಂಬರ್ ತಿಂಗಳ ಸೇನಾ ಕಾರ್ಯಾಚರಣೆಯಿಂದ 1956ರ ಅಕ್ಟೋಬರ್ ಕೊನೆಯವರೆಗಿನ 8 ವರ್ಷಗಳ ಹೈದರಾಬಾದನ್ನು ಒಂದು ಮಧ್ಯಂತರ ರಾಜ್ಯವೆಂದು ಕರೆಯಬಹುದು. ಮೊದಲು ಜನರಲ್ ಜೆ. ಎನ್. ಚೌಧುರಿಯವರ ಸೈನಿಕ ಆಡಳಿತ. 1950ರಿಂದ ಅಧಿಕಾರಿ ಎಂ. ಕೆ. ವೆಲ್ಲೋಡಿಯವರ ಮಂತ್ರಿಮಂಡಲ, 1952ರ ಮಾರ್ಚ್ 6ರಿಂದ ಚುನಾಯಿತ ಸರಕಾರ. ವೆಲ್ಲೋಡಿ ಮಂತ್ರಿಮಂಡಲದಲ್ಲಿ ರಾಮಕೃಷ್ಣರಾಯರು ಕಂದಾಯ ಸಚಿವರಾಗಿದ್ದರು. 1952ರ ಚುನಾವಣೆಯಲ್ಲಿ 175 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ 93ನ್ನು ಗೆದ್ದಿತು. ಶಾದ್‌ನಗರದಿಂದ ಆರಿಸಿ ಬಂದ ಅವರು ಮುಖ್ಯಮಂತ್ರಿಯಾದರು. ಡಾ. ಜಿ. ಎಸ್. ಮೇಲುಕೋಟೆ, ಅಣ್ಣಾರಾವ್ ಗಣಮುಖಿಯವರಂಥ ಕನ್ನಡಿಗರೂ ಆ ಮಂತ್ರಿಮಂಡಲದಲ್ಲಿದ್ದರು.

ಈ ಅವಧಿಯ ಅತಿಮುಖ್ಯ ಶಾಸನ 1950ರ ಹೈದರಾಬಾದ್ ಗೇಣಿ ಮತ್ತು ವ್ಯವಸಾಯ ಭೂಮಿ ಕಾಯಿದೆ. ತೆಲಂಗಾಣದ ರೈತ ಸಶಸ್ತ್ರ ಹೋರಾಟದ ಬಿಸಿ ಇನ್ನೂ ಆರಿರಲಿಲ್ಲ. 1951ರ ಏಪ್ರಿಲ್ 18ರಂದು ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರ ಭೂದಾನ ಚಳವಳಿ ಮೊದಲಾಯಿತು. ಒಂದೆಡೆ ಬಂದೂಕು, ಇನ್ನೊಂದೆಡೆ ದಾನ. ಇವೆರಡರ ನಡುವೆ ಕಂದಾಯ ಸಚಿವರು ಹಿಡಿದದ್ದು ಕಾಯಿದೆಯನ್ನು. ಅದು ‘ಸಂರಕ್ಷಿತ ಗೇಣಿದಾರ’ ಎಂಬ ವರ್ಗವನ್ನು ನಿರ್ಮಿಸಿತು. 1954ರ ತಿದ್ದುಪಡಿಯಿಂದ ಸೇರಿದ 38-ಇ ಕಲಮು ಅಂಥ ಗೇಣಿದಾರನಿಗೆ ಭೂಮಿಯ ಒಡೆತನವನ್ನೇ ವರ್ಗಾಯಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಕಾಯಿದೆಯ ಕಣ್ಣು ತಪ್ಪಿಸಿ ಒಕ್ಕಲೆಬ್ಬಿಸಿದ, ಒತ್ತಾಯದಿಂದ ‘ಸ್ವಇಚ್ಛೆಯ’ ಬಿಡುಗಡೆ ಬರೆಸಿಕೊಂಡ ಪ್ರಕರಣಗಳು ಅನೇಕ. ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೋ ಅವರ ಅಧ್ಯಯನ ಇದನ್ನು ತೋರಿಸಿಕೊಟ್ಟಿದೆ. ಆದರೂ ಬಾಯಿಮಾತಿನ ಭರವಸೆ ಸಾಲದು, ಹಕ್ಕು ಬರಹದಲ್ಲಿ ಇರಬೇಕು ಎಂಬ ವಕೀಲನ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ.

ಅವರ ಆಡಳಿತ ಕಳಂಕರಹಿತವಾಗಿತ್ತೆನ್ನಲಾಗದು. ಹೊರಗಿನವರು ಸ್ಥಳೀಯರ ಉದ್ಯೋಗಗಳನ್ನು ಕಬಳಿಸುತ್ತಿದ್ದಾರೆಂಬ ದೂರಿನಿಂದ ಹುಟ್ಟಿದ ಮುಲ್ಕಿ ಚಳವಳಿ 1952ರ ಸೆಪ್ಟೆಂಬರ್‌ನಲ್ಲಿ ರಾಜಧಾನಿಯ ಬೀದಿಗೆ ಬಂದಾಗ ಸಿಟಿ ಕಾಲೇಜಿನ ಪ್ರದೇಶದಲ್ಲಿ ಪೊಲೀಸರ ಗುಂಡಿಗೆ ಜೀವಗಳು ಬಲಿಯಾದವು. ಅದರ ವಿಚಾರಣೆಯನ್ನು ನ್ಯಾಯಮೂರ್ತಿ ಪಿಂಗಳಿ ಜಗನ್ಮೋಹನ ರೆಡ್ಡಿಯವರಿಗೆ ವಹಿಸಲಾಯಿತು. ಆ ದೂರು ಮುಂದಿನ 6 ದಶಕಗಳ ರಾಜಕಾರಣದ ಬೀಜವಾಗಿತ್ತು.

1955ರ ಸೆಪ್ಟೆಂಬರ್ 30ರಂದು ಸಲ್ಲಿಕೆಯಾದ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯು ಹೈದರಾಬಾದನ್ನು ಒಡೆಯಬೇಕೆಂದು ಹೇಳಿತು; ಆದರೆ ತೆಲಂಗಾಣ ಸದ್ಯಕ್ಕೆ ಪ್ರತ್ಯೇಕವಾಗಿ ಉಳಿದು, 1961ರ ಸುಮಾರಿನ ಚುನಾವಣೆಯ ಬಳಿಕ ಮೂರನೇ ಎರಡರಷ್ಟು ಬಹುಮತವಿದ್ದರೆ ಆಂಧ್ರದೊಡನೆ ಕೂಡಬಹುದೆಂದಿತು. ಬೀದರ್ ಜಿಲ್ಲೆಯನ್ನು ಈ ಉಳಿಕೆಯ ಹೈದರಾಬಾದಿಗೇ ಸೇರಿಸಲು ಸೂಚಿಸಿತ್ತೆಂಬುದನ್ನು ನಮ್ಮ ಓದುಗರು ಗಮನಿಸಬೇಕು. ವಿಧಾನಸಭೆಯ ಚರ್ಚೆಯಲ್ಲಿ ಅಭಿಪ್ರಾಯ ತಿಳಿಸಿದ 147 ಸದಸ್ಯರಲ್ಲಿ 103 ಮಂದಿ ವಿಶಾಲಾಂಧ್ರದ ಪರವಾಗಿಯೂ 29 ಮಂದಿ ಪ್ರತ್ಯೇಕ ತೆಲಂಗಾಣದ ಪರವಾಗಿಯೂ ಇದ್ದರು. 15 ಮಂದಿ ತಟಸ್ಥರು. ಕಡೆಗೆ ಮರಾಠಿಯ 5 ಜಿಲ್ಲೆಗಳು ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ, ಕನ್ನಡ ಜಿಲ್ಲೆಗಳು ಮೈಸೂರಿಗೆ ಹೋದವು. ಬೀದರ್ ಜಿಲ್ಲೆ ಮೂರು ಹೋಳಾಯಿತು. ಗುಲಬರ್ಗದಿಂದ ಕೊಡಂಗಲ್, ತಾಂಡೂರು, ರಾಯಚೂರಿನಿಂದ ಆಲಂಪುರ, ಗದ್ವಾಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು.

ವಿಲೀನಕ್ಕೆ ಮೊದಲು, 1956ರ ಫೆಬ್ರವರಿ 20ರಂದು, ದಿಲ್ಲಿಯಲ್ಲಿ ಆಂಧ್ರ ಮತ್ತು ತೆಲಂಗಾಣದ ನಾಯಕರು ‘ದೊಡ್ಡ ಮನುಷ್ಯರ ಒಪ್ಪಂದ’ಕ್ಕೆ ಸಹಿ ಹಾಕಿದರು. ತೆಲಂಗಾಣದ ಪರವಾಗಿ ಸಹಿ ಹಾಕಿದವರಲ್ಲಿ ರಾಮಕೃಷ್ಣರಾಯರೂ ಒಬ್ಬರು. ತೆಲಂಗಾಣದ ಹೆಚ್ಚುವರಿ ಆದಾಯ ಅಲ್ಲಿಯೇ ವೆಚ್ಚವಾಗಬೇಕು, ಉದ್ಯೋಗದಲ್ಲಿ ಸ್ಥಳೀಯರಿಗೆ ರಕ್ಷಣೆ ಬೇಕು, ಮುಖ್ಯಮಂತ್ರಿ ಒಂದು ಪ್ರದೇಶದವರಾದರೆ ಉಪಮುಖ್ಯಮಂತ್ರಿ ಇನ್ನೊಂದರವರಾಗಬೇಕು ಎಂಬುವು ಅದರ ಮುಖ್ಯಾಂಶಗಳು. ಆದರೆ ಒಪ್ಪಂದಕ್ಕೆ ಕಾಯಿದೆಯ ಬಲವಿರಲಿಲ್ಲ. 1956ರ ನೀಲಂ ಸಂಜೀವ ರೆಡ್ಡಿಯವರ ಮೊದಲ ಮಂತ್ರಿಮಂಡಲದಲ್ಲಿಯೇ ಉಪಮುಖ್ಯಮಂತ್ರಿಯ ಸ್ಥಾನವಿರಲಿಲ್ಲ. ಗೇಣಿದಾರನ ಹಕ್ಕನ್ನು ಕಲಮುಗಳಲ್ಲಿ ಕಟ್ಟಿದ ವಕೀಲರು ತಮ್ಮ ಪ್ರದೇಶದ ಹಕ್ಕನ್ನು ಸಜ್ಜನಿಕೆಗೆ ಒಪ್ಪಿಸಿದ್ದು ಅವರ ಜೀವನದ ದೊಡ್ಡ ವೈರುಧ್ಯವೆಂದು ನಮ್ಮ ಅಭಿಪ್ರಾಯ.

ತಮ್ಮ ಹುದ್ದೆಯೊಡನೆ ರಾಜ್ಯವೂ ಇಲ್ಲವಾದ ಮೇಲೆ, 1956ರ ನವೆಂಬರ್‌ನಲ್ಲಿ ಅವರು ಕೇರಳದ ರಾಜ್ಯಪಾಲರಾದರು. ಮೂರು ವಾರಗಳ ಹಿಂದೆ ಕನ್ನಡದ ಕಾಸರಗೋಡು ಸೇರಿದ್ದುದೂ ಅದೇ ಕೇರಳಕ್ಕೆ. 1957ರಲ್ಲಿ ಇ. ಎಂ. ಎಸ್. ನಂಬೂದಿರಿಪಾಡರಿಗೆ ಪ್ರಮಾಣವಚನ ಬೋಧಿಸಿದವರೂ, 1959ರ ಜುಲೈನಲ್ಲಿ ಆ ಸರಕಾರ ವಜಾ ಆದಾಗ ರಾಜ್ಯಪಾಲರಾಗಿದ್ದವರೂ ಅವರೇ. 1960ರಿಂದ 1962ರವರೆಗೆ ಉತ್ತರ ಪ್ರದೇಶದ ರಾಜ್ಯಪಾಲರಾಗಿದ್ದು, ಬಳಿಕ ರಾಜ್ಯಸಭೆಗೆ ಬಂದರು. ಸದಸ್ಯತ್ವದ ಪೂರ್ಣಾವಧಿ 6 ವರ್ಷ. ಅವರು ಅಲ್ಲಿದ್ದುದು 1966ರವರೆಗೆ, 4 ವರ್ಷ. ವಿಸರ್ಜನೆಯೇ ಇಲ್ಲದ ಆ ಸದನದಲ್ಲಿಯೂ ಅವರದು ಅಲ್ಪಾವಧಿಯೇ ಆಯಿತು. 1967ರ ಸೆಪ್ಟೆಂಬರ್‌ನಲ್ಲಿ ಅವರು ನಿಧನರಾದರು.

ಎರಡು ವರ್ಷ ತುಂಬುವುದರೊಳಗೆ, 1969ರಲ್ಲಿ, ಒಪ್ಪಂದದ ಉಲ್ಲಂಘನೆಯನ್ನೇ ಮುಂದಿಟ್ಟು ತೆಲಂಗಾಣ ಹೊತ್ತಿ ಉರಿಯಿತು. 2014ರಲ್ಲಿ ಪ್ರತ್ಯೇಕ ರಾಜ್ಯವಾಯಿತು. ಮೈಸೂರಿಗೆ ಬಂದ ಕನ್ನಡ ಜಿಲ್ಲೆಗಳ ಪಾಲಿಗೆ ಅಂಥದೊಂದು ಒಪ್ಪಂದವೂ ಇರಲಿಲ್ಲ. ಭಾಷೆಯ ಬಂಧುತ್ವವೇ ಸಾಕೆಂದು ಭಾವಿಸಲಾಗಿತ್ತು. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371-ಜೆ ವಿಧಿ ಜಾರಿಗೆ ಬಂದದ್ದು 2013ರಲ್ಲಿ. ಎಂದರೆ ಬರಹದ ಭರವಸೆಗಾಗಿ ಈ ಭಾಗ 57 ವರ್ಷ ಕಾಯಬೇಕಾಯಿತು. ಒಂದು ರಾಜ್ಯ ಮುಗಿದು ಇನ್ನೊಂದು ಆರಂಭವಾಗುವ ಮಧ್ಯಂತರದಲ್ಲಿ ಏನನ್ನು ಕಾಯಿದೆಯಾಗಿ ಬರೆಯಲಾಯಿತು, ಏನನ್ನು ನಂಬಿಕೆಗೆ ಬಿಡಲಾಯಿತು ಎಂಬುದರಿಂದಲೇ ಆ ಬಳಿಕದ ಪೀಳಿಗೆಗಳ ಪಾಡು ನಿರ್ಧಾರವಾಗುತ್ತದೆ. ಏಕೀಕರಣದ ಚರಿತ್ರೆಕಾರರು ಹೈದರಾಬಾದಿನ ಕೊನೆಯ ಮುಖ್ಯಮಂತ್ರಿಯ ಕಡತಗಳತ್ತ ತಿರುಗಬೇಕಾದ ಕಾರಣವೂ ಇದೇ.